ಮನೆಯ ಹಿರಿಯರಿಗೆ ಯಾವ ಸರ್ಕಾರಿ ಆರೋಗ್ಯ ಕಾರ್ಡ್? ಆರಾಮಾಗಿರುವಾಗಲೇ ನೋಡಿಟ್ಟುಕೊಳ್ಳಿ

ನಮ್ಮ ದೊಡ್ಡಮ್ಮನ ಪರ್ಸಿನಲ್ಲಿ ನಾಲ್ಕು ಕಾರ್ಡುಗಳಿದ್ದವು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ರಾತ್ರಿ, ಅವುಗಳಲ್ಲಿ ಯಾವುದನ್ನು ಕೌಂಟರಿನಲ್ಲಿ ಕೊಡಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೇಗೋ ಸರಿಯಾದ ಕಾರ್ಡ್ ಹುಡುಕಿ ಕೊಟ್ಟೆವು. ಆಗ ಅಲ್ಲಿನವರು ಹೇಳಿದ್ದು: "ನಮ್ಮ ಆಸ್ಪತ್ರೆ ಯೋಜನೆಯಲ್ಲಿದೆ, ಆದರೆ ಮೂಳೆ ವಿಭಾಗ ಇಲ್ಲ." ನೋವಿನಲ್ಲಿ ನರಳುತ್ತಿದ್ದ ದೊಡ್ಡಮ್ಮನನ್ನು ಮತ್ತೆ ಆಂಬುಲೆನ್ಸಿಗೆ ಹತ್ತಿಸಿ ಇನ್ನೊಂದು ಕಡೆ ಕರೆದುಕೊಂಡು ಹೋದೆವು.

ಆಮೇಲಿಂದ ನೆಂಟರ ಮನೆ, ಅಕ್ಕಪಕ್ಕದ ಮನೆ ಅಂತ ಸುಮಾರು ಹಿರಿಯರ ಕಾಗದಪತ್ರ ಕೂತು ನೋಡಿದ್ದೇನೆ. ಎಲ್ಲರೂ ಕೇಳುವ ಪ್ರಶ್ನೆ "ಯಾವ ಯೋಜನೆ ಒಳ್ಳೇದು?" ಅಂತ. ಆದರೆ ನಾವು ಮೊದಲು ಕೇಳಬೇಕಾದ್ದು "ನಮಗೆ ಈಗಾಗಲೇ ಯಾವುದು ಸಿಗುತ್ತದೆ, ಅದು ನಮ್ಮೂರಿನ ಯಾವ ಆಸ್ಪತ್ರೆಯಲ್ಲಿ, ಯಾವ ಕಾಯಿಲೆಗೆ ನಡೆಯುತ್ತದೆ?" ಅಂತ. ಇದನ್ನು ಕಂಡುಕೊಳ್ಳಲು ಎರಡು ಮಧ್ಯಾಹ್ನ ಸಾಕು. ಮನೆಯಲ್ಲಿ ಎಲ್ಲರೂ ಆರಾಮಾಗಿರುವಾಗಲೇ ಆ ಎರಡು ಮಧ್ಯಾಹ್ನ ಇದಕ್ಕೆ ಕೊಡಿ.

ಮೊದಲು ಒಂದು ವಿಷಯ ಮನಸ್ಸಿಗೆ ಬರಲಿ

ಆಯುಷ್ಮಾನ್ ಆಗಲಿ, ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಆಗಲಿ, ಆಸ್ಪತ್ರೆಗೆ ದಾಖಲಾದವರಿಗೆ ಇರುವ ಯೋಜನೆಗಳು. ಆಪರೇಷನ್, ಐಸಿಯು, ಸ್ಟೆಂಟ್, ಕೀಮೋ, ಇಂಥವಕ್ಕೆ. ಅಪ್ಪ ತಿಂಗಳು ತಿಂಗಳು ತೆಗೆದುಕೊಳ್ಳುವ ಬಿಪಿ, ಶುಗರ್ ಮಾತ್ರೆಯ ಖರ್ಚು ಇವುಗಳಲ್ಲಿ ಬರುವುದಿಲ್ಲ. ಡಾಕ್ಟರನ್ನು ನೋಡಿ, ರಕ್ತ ಪರೀಕ್ಷೆ ಮಾಡಿಸಿ ಮನೆಗೆ ಬಂದರೆ ಅದಕ್ಕೂ ಹಣ ಸಿಗುವುದಿಲ್ಲ.

ಹಾಗಾಗಿ ಮಾತ್ರೆಗಳ ದಾರಿ ಬೇರೆಯೇ ಹುಡುಕಿಕೊಳ್ಳಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಪಟ್ಟಣದಲ್ಲಿ 'ನಮ್ಮ ಕ್ಲಿನಿಕ್' ಹೆಸರಿನ ಸರ್ಕಾರಿ ಕ್ಲಿನಿಕ್‌ಗೆ ಒಮ್ಮೆ ಹೋಗಿ, ಅಪ್ಪನ ಚೀಟಿಯಲ್ಲಿರುವ ಯಾವ ಮಾತ್ರೆ ಅಲ್ಲಿ ಪುಕ್ಕಟೆ ಸಿಗುತ್ತದೆ ಕೇಳಿ. ಸಿಗದಿದ್ದನ್ನು ಜನೌಷಧಿ ಅಂಗಡಿಯಲ್ಲಿ ನೋಡಿ. ವರ್ಷವಿಡೀ ನಿಜವಾಗಿ ಉಳಿಯುವ ದುಡ್ಡು ಇದೇ. ಕಾರ್ಡ್ ಇರುವುದು ಆಸ್ಪತ್ರೆ ಸೇರುವಂಥ ದೊಡ್ಡ ಖರ್ಚಿಗೆ.

ಮೊದಲ ಹೆಜ್ಜೆ: ರೇಷನ್ ಕಾರ್ಡ್ ತೆಗೆದು ನೋಡಿ

ಕರ್ನಾಟಕದಲ್ಲಿ ಎಲ್ಲವೂ ಶುರುವಾಗುವುದು ಇಲ್ಲಿಂದ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಶುರುವಾಗಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲೇ, ಅದೇ ವರ್ಷದ ಮಾರ್ಚ್‌ನಲ್ಲಿ, ರಾಜ್ಯ ತನ್ನದೇ ಆರೋಗ್ಯ ಕರ್ನಾಟಕ ಯೋಜನೆ ತಂದಿತ್ತು. ಆ ವರ್ಷದ ಅಕ್ಟೋಬರ್ ಕೊನೆಗೆ ಎರಡೂ ಸೇರಿ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಈಗ ಕಾರ್ಡಿನ ಮೇಲೆ ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ ಅಂತಲೂ ಇರುತ್ತದೆ. ಹೆಸರು ಉದ್ದವಾದರೂ ಯೋಜನೆ ಒಂದೇ, ಗಾಬರಿ ಬೇಡ.

ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಕಂತು ಕಟ್ಟಬೇಕಿಲ್ಲ. ವಯಸ್ಸಿನ ಮಿತಿ ಇಲ್ಲ. ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಖಾಸಗಿ ಪಾಲಿಸಿಯವರು ವಯಸ್ಸಾದವರಿಗೆ ತೊಂದರೆ ಕೊಡುವುದು ಇದೇ ಜಾಗದಲ್ಲಿ, ಅಲ್ವಾ?

ಎಪಿಎಲ್ ಕಾರ್ಡಿನವರ ಲೆಕ್ಕ ಬೇರೆ. ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ ಶೇ. 30 ಮಾತ್ರ ಸರ್ಕಾರದ್ದು. ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂ. ಮೀರುವ ಹಾಗಿಲ್ಲ. ಒಂದು ಆಪರೇಷನ್ನಿನ ಪ್ಯಾಕೇಜ್ ದರ 1 ಲಕ್ಷ ಅಂತಿಟ್ಟುಕೊಳ್ಳಿ. ಸರ್ಕಾರ ಕೊಡುವುದು 30 ಸಾವಿರ, ಉಳಿದದ್ದು ನಿಮ್ಮ ಕೈಯಿಂದ. "ನಮ್ಮ ಹತ್ರ ಆಯುಷ್ಮಾನ್ ಕಾರ್ಡ್ ಇದೆ, ಐದು ಲಕ್ಷ ಸಿಗುತ್ತೆ" ಅಂತ ನಂಬಿಕೊಂಡು ಆಸ್ಪತ್ರೆಗೆ ಹೋಗಿ, ಅಲ್ಲಿ ಎಪಿಎಲ್ ಅಂತ ಗೊತ್ತಾಗಿ ಕುಸಿದು ಕೂತವರನ್ನು ನಾನು ನೋಡಿದ್ದೇನೆ. ದಯವಿಟ್ಟು ಈಗಲೇ ನೋಡಿಕೊಳ್ಳಿ. ಅನರ್ಹ ಬಿಪಿಎಲ್ ಕಾರ್ಡುಗಳ ಪರಿಶೀಲನೆ ಆಗಾಗ ನಡೆಯುತ್ತಿರುತ್ತದೆ. ಹಳೇ ಕಾರ್ಡ್ ಈಗಲೂ ಬಿಪಿಎಲ್ ಆಗಿಯೇ ಇದೆಯಾ ಅಂತ ನ್ಯಾಯಬೆಲೆ ಅಂಗಡಿಯಲ್ಲೋ ಆಹಾರ ಇಲಾಖೆಯಲ್ಲೋ ವಿಚಾರಿಸಿ.

ಇನ್ನೊಂದು ಮಾತು. ಅಜ್ಜ-ಅಜ್ಜಿಯ ಹೆಸರು ಯಾರ ರೇಷನ್ ಕಾರ್ಡಿನಲ್ಲಿದೆ? ಊರಲ್ಲಿರುವ ಮಗನ ಕಾರ್ಡಿನಲ್ಲಿದ್ದರೆ ಆ 5 ಲಕ್ಷವನ್ನು ಆ ಮನೆಯವರೆಲ್ಲ ಹಂಚಿಕೊಳ್ಳಬೇಕು. ಎರಡು ಕಡೆಯಿಂದಲೂ ಹೆಸರು ಬಿಟ್ಟುಹೋಗಿರುವುದೂ ಉಂಟು. ಬೆಂಗಳೂರಿನ ಮಗ ಊರಿನ ಕಾರ್ಡಲ್ಲಿದೆ ಅಂದುಕೊಂಡಿರುತ್ತಾನೆ, ಊರಿನವನು ಬೆಂಗಳೂರಿನದರಲ್ಲಿದೆ ಅಂದುಕೊಂಡಿರುತ್ತಾನೆ.

ಆರೋಗ್ಯ ಕಾರ್ಡ್ ಮಾಡಿಸಲು ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಹಿರಿಯರನ್ನೂ ಕರೆದುಕೊಂಡು ಹೋಗಿ, ಬೆರಳಚ್ಚು ಬೇಕಾಗಬಹುದು.

ಎರಡನೆಯದು: 70 ದಾಟಿದ್ದಾರಾ?

70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆ ವಿಸ್ತರಿಸಲು ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಕ್ಟೋಬರ್ 29ರಂದು ಚಾಲನೆ ಸಿಕ್ಕಿತು. ಈ ಕಾರ್ಡಿನ ಹೆಸರು ವಯೋವಂದನ. ಸ್ವಂತ ಮನೆ, ಕಾರು, ಪಿಂಚಣಿ ಇದ್ದರೂ ಪರವಾಗಿಲ್ಲ. ಮಕ್ಕಳು ಸಾಫ್ಟ್‌ವೇರ್ ಕೆಲಸದಲ್ಲಿದ್ದರೂ ಪರವಾಗಿಲ್ಲ. ಕೇಳುವುದು ವಯಸ್ಸನ್ನು ಮಾತ್ರ.

ಲೆಕ್ಕದಲ್ಲಿ ಜನ ತಪ್ಪುವ ಜಾಗಗಳು ಇವು. ಗಂಡನಿಗೆ 74, ಹೆಂಡತಿಗೆ 71 ಇದ್ದರೆ ಇಬ್ಬರಿಗೂ ತಲಾ ಐದು ಲಕ್ಷ ಅಲ್ಲ, ಇಬ್ಬರಿಗೂ ಸೇರಿ 5 ಲಕ್ಷ. ಗಂಡನಿಗೆ 72, ಹೆಂಡತಿಗೆ 68 ಇದ್ದರೆ ಈ ಕಾರ್ಡ್ ಗಂಡನಿಗೆ ಮಾತ್ರ. ಇನ್ನು ಬಿಪಿಎಲ್ ಮನೆಯ ಹಿರಿಯರು ತಪ್ಪದೆ ಮಾಡಿಸಬೇಕು. "ನಮಗೆ ಆಗ್ಲೇ ಕಾರ್ಡ್ ಇದೆಯಲ್ಲ, ಸುಮ್ನೆ ಇನ್ನೊಂದು ಯಾಕೆ" ಅಂತ ಕೆಲವರು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಅವರಿಗೆ ಇದು ಮನೆಯ 5 ಲಕ್ಷದ ಮೇಲೆ ಇನ್ನೊಂದು 5 ಲಕ್ಷ. ಅದನ್ನು 70ಕ್ಕಿಂತ ಚಿಕ್ಕವರ ಜೊತೆ ಹಂಚಿಕೊಳ್ಳುವ ಹಾಗಿಲ್ಲ. ಮೊಮ್ಮಗನ ಆಪರೇಷನ್ನಿಗೆ ಮನೆಯ ಕಾರ್ಡಿನ ಹಣ ಮುಗಿದಿದ್ದರೂ ಅಜ್ಜಿಯ ಪಾಲು ಹಾಗೇ ಇರುತ್ತದೆ.

ವಯಸ್ಸನ್ನು ನೋಡುವುದು ಆಧಾರ್‌ನಲ್ಲಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಅಂದಾಜಿನದು. ಯಾರೋ ಬಾಯಿಗೆ ಬಂದ ವರ್ಷ ಬರೆಸಿರುತ್ತಾರೆ. ನಿಜವಾಗಿ 73 ಆಗಿರುವ ಅಜ್ಜಿಗೆ ಆಧಾರ್‌ನಲ್ಲಿ 67 ಇದ್ದರೆ ಕಾರ್ಡ್ ಬರುವುದಿಲ್ಲ. ತಿದ್ದಿಸಲು ದಾಖಲೆ ಬೇಕು, ಮತ್ತು ಹುಟ್ಟಿದ ದಿನವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ. ಅದಕ್ಕೇ ಶಾಲೆಯ ಟಿಸಿ, ಪಿಂಚಣಿ ಪುಸ್ತಕದಂಥದ್ದು ಏನಾದರೂ ಇದೆಯಾ ಅಂತ ಮೊದಲು ಟ್ರಂಕಿನಲ್ಲಿ ಹುಡುಕಿ, ಆಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ.

ಕಾರ್ಡನ್ನು ಮನೆಯಲ್ಲೇ ಮಾಡಬಹುದು. ಮೊಬೈಲಿಗೆ ಆಯುಷ್ಮಾನ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ 70 ದಾಟಿದವರ ನೋಂದಣಿಗೆ ಹೋಗಿ ಆಧಾರ್ ಸಂಖ್ಯೆ ಹಾಕಿದರೆ ಒಟಿಪಿ ಬರುತ್ತದೆ. ಅದು ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಎಷ್ಟೋ ಹಿರಿಯರ ಆಧಾರ್‌ಗೆ ಜೋಡಿಸಿರುವುದು ಯಾವುದೋ ಕಾಲದ, ಈಗ ಇಲ್ಲದ ನಂಬರ್. ಹಾಗಿದ್ದರೆ ಮೊದಲು ನಂಬರ್ ಬದಲಿಸಿ. ಇಲ್ಲವಾದರೆ ಬೆರಳಚ್ಚು, ಕಣ್ಣು ಅಥವಾ ಮುಖ ತೋರಿಸಿಯೂ ದೃಢಪಡಿಸಬಹುದು. ಹೊಲಮನೆ ಕೆಲಸ ಮಾಡಿ ಸವೆದ ಕೈಗಳ ಬೆರಳಚ್ಚು ಮೆಷಿನ್ನಿಗೆ ಹತ್ತುವುದು ಕಷ್ಟ. ಅಂಥವರಿಗೆ ಮುಖ ತೋರಿಸುವ ದಾರಿಯೇ ಸುಲಭ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಯೋಜನೆಗೆ ಕೇಂದ್ರ ಮತ್ತು ರಾಜ್ಯ 60:40ರ ಲೆಕ್ಕದಲ್ಲಿ ಹಣ ಹಾಕಬೇಕು. ತನ್ನ ಮೇಲೆ ಬೀಳುವ ಹೊರೆ ಜಾಸ್ತಿ ಅಂತ ಕರ್ನಾಟಕ ಸರ್ಕಾರ ತಕರಾರು ಎತ್ತಿತ್ತು. ಆದ್ದರಿಂದ ಕಾರ್ಡ್ ಕೈಗೆ ಬಂದ ಕೂಡಲೇ ಎಲ್ಲ ಆಯಿತು ಅಂದುಕೊಳ್ಳಬೇಡಿ. ನಿಮ್ಮೂರಿನ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವವರು) ನೇರವಾಗಿ ಕೇಳಿ: "ಎಪ್ಪತ್ತು ದಾಟಿದವರ ಕಾರ್ಡಿನಲ್ಲಿ ಈಗ ಇಲ್ಲಿ ದಾಖಲು ಮಾಡಿಕೊಳ್ತೀರಾ?" ಹೌದು ಅನ್ನುವ ಉತ್ತರ ಸಿಗುವವರೆಗೆ ರೇಷನ್ ಕಾರ್ಡಿನ ದಾರಿಯನ್ನೂ, ಇರುವ ಪಾಲಿಸಿಯನ್ನೂ ಕೈಬಿಡಬೇಡಿ.

ಪಿಂಚಣಿದಾರರು ಅವಸರ ಮಾಡಬೇಡಿ

ರೈಲ್ವೆ ಬಿಟ್ಟು ಉಳಿದ ಕೇಂದ್ರ ಸರ್ಕಾರಿ ಇಲಾಖೆಗಳಿಂದ ನಿವೃತ್ತರಾದವರಿಗೆ ಕೇಂದ್ರದ್ದೇ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ಇದೆ. ಮಾಜಿ ಸೈನಿಕರಿಗೆ ಅಂಥದ್ದೇ ಇಸಿಎಚ್‌ಎಸ್ ಇದೆ. ಇವರು 70 ದಾಟಿದ ಮೇಲೆ ಹಳೆಯದರಲ್ಲೇ ಇರಬಹುದು, ಇಲ್ಲವೇ ಆಯುಷ್ಮಾನ್‌ಗೆ ಬರಬಹುದು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ: ಹಳೆಯದನ್ನು ಬಿಡಬೇಡಿ. ಈ ಎರಡರಲ್ಲೂ ಡಾಕ್ಟರ್ ಭೇಟಿ ಮತ್ತು ತಿಂಗಳ ಮಾತ್ರೆಗಳು ಸೇರಿವೆ. ಆಯುಷ್ಮಾನ್‌ನಲ್ಲಿ ಅವಿಲ್ಲ. ಜೊತೆಗೆ 5 ಲಕ್ಷದ ಮಿತಿಯೂ ಅಡ್ಡ ಬರುವುದಿಲ್ಲ. 70 ದಾಟಿದ ಸಿಜಿಎಚ್‌ಎಸ್ ಫಲಾನುಭವಿಗಳು ರೆಫರಲ್ (ಒಬ್ಬ ಡಾಕ್ಟರ್ ಇನ್ನೊಂದು ಕಡೆಗೆ ಬರೆದುಕೊಡುವ ಚೀಟಿ) ಇಲ್ಲದೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯ ತಜ್ಞರನ್ನು ನೋಡುವ ಸೌಲಭ್ಯವೂ 2024ರಿಂದ ಇದೆ. ಮೊದಲು ಅದು 75 ದಾಟಿದವರಿಗೆ ಮಾತ್ರ ಇತ್ತು. ಈಗ ನಿವೃತ್ತರಾಗುತ್ತಿರುವವರು ಸಿಜಿಎಚ್‌ಎಸ್ ಕಾರ್ಡಿಗೆ ವರ್ಷ ವರ್ಷ ಕಟ್ಟಬಹುದು. ಇಲ್ಲವೇ ಹತ್ತು ವರ್ಷದ ಮೊತ್ತ ಒಂದೇ ಸಲ ಕಟ್ಟಿ ಜೀವನಪೂರ್ತಿ ಇಟ್ಟುಕೊಳ್ಳಬಹುದು. ಕೈಯಲ್ಲಿ ನಿವೃತ್ತಿ ಹಣ ಇರುವಾಗ ಒಂದೇ ಸಲ ಕಟ್ಟಿಬಿಡುವುದು ಮೇಲು, ವರ್ಷ ವರ್ಷ ನೆನಪಿಟ್ಟುಕೊಳ್ಳುವ ತಲೆನೋವು ಇರುವುದಿಲ್ಲ.

ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ ಕೆಲಸದಿಂದ ನಿವೃತ್ತರಾದವರಿಗೆ ಕಾರ್ಮಿಕರ ವಿಮೆಯಾದ ಇಎಸ್‌ಐ ಬಗ್ಗೆ ಯಾರೂ ಹೇಳುವುದಿಲ್ಲ. ಕನಿಷ್ಠ ಐದು ವರ್ಷ ಇಎಸ್‌ಐ ವಿಮೆಯಲ್ಲಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂ. ಕಟ್ಟಿದರೆ ಗಂಡ-ಹೆಂಡತಿ ಇಬ್ಬರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಹತ್ತೇ ರೂಪಾಯಿ! ಹಳೇ ಇಎಸ್‌ಐ ಕಾರ್ಡನ್ನು ಎಸೆಯದೆ ಶಾಖಾ ಕಚೇರಿಗೆ ತೆಗೆದುಕೊಂಡು ಹೋಗಿ ಕೇಳಿ. ಇಎಸ್‌ಐ ಇರುವವರು 70 ದಾಟಿದ ಮೇಲೆ ವಯೋವಂದನ ಕಾರ್ಡನ್ನೂ ಮಾಡಿಸಬಹುದು, ಇವರು ಒಂದನ್ನು ಬಿಡಬೇಕಿಲ್ಲ. ಖಾಸಗಿ ಪಾಲಿಸಿ ಇರುವವರಿಗೂ ಹಾಗೆಯೇ.

60ರಿಂದ 70ರ ನಡುವಿನವರು

ಕಷ್ಟ ಇರುವುದು ಇವರಿಗೆ. ಬಿಪಿಎಲ್ ಇಲ್ಲ, 70 ಆಗಿಲ್ಲ, ಪಿಂಚಣಿಯೂ ಇಲ್ಲ. ಹಳ್ಳಿಯಲ್ಲಿ ಹಾಲಿನ ಡೇರಿ, ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯತ್ವ ಇದ್ದರೆ ಯಶಸ್ವಿನಿ ನೋಡಿ. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಘೋಷಣೆಯಾಗಿ ಶುರುವಾದ ಯೋಜನೆ ಅದು. ಆಗ ನಿಗದಿಯಾದ ಶುಲ್ಕ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂ., ಪಟ್ಟಣದಲ್ಲಿ 1,000 ರೂ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನೋಂದಣಿ ವರ್ಷವಿಡೀ ಇರುವುದಿಲ್ಲ, ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಸಂಘದ ಕಾರ್ಯದರ್ಶಿಯವರಿಗೆ ಈಗಲೇ ಹೇಳಿಟ್ಟುಬಿಡಿ.

ಯಾವುದೂ ಇಲ್ಲದವರು ಖಾಸಗಿ ಪಾಲಿಸಿ ನೋಡಲೇಬೇಕು. ಎರಡು ವಿಷಯ ಈಗ ಸುಧಾರಿಸಿವೆ. ಮೊದಲಿನಿಂದ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಮೂರು ವರ್ಷಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಹಿರಿಯರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಮಾತಾಡಬೇಕು. ಶುಗರ್, ಬಿಪಿ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಗೊತ್ತಾದರೆ ಕ್ಲೇಮ್ ಹೋಯಿತು ಅಂತಲೇ ಲೆಕ್ಕ.

ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಕಾರ್ಡ್ ಹಿಡಿದು, ಮನೆಗೆ ಹತ್ತಿರದ ಎರಡು ಆಸ್ಪತ್ರೆಗೆ ಹೋಗಿ. ಒಂದು ಸರ್ಕಾರಿ, ಒಂದು ಖಾಸಗಿ. ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ ಕೌಂಟರ್ ಇರುತ್ತದೆ. ಅಲ್ಲಿ ಕೇಳಬೇಕಾದ್ದು ಇಷ್ಟು: ಈ ಕಾರ್ಡ್ ಇಲ್ಲಿ ನಡೆಯುತ್ತದಾ? ಹೃದಯ, ಮೂಳೆ, ಕಿಡ್ನಿ, ಕ್ಯಾನ್ಸರ್ ಇವುಗಳಲ್ಲಿ ಯಾವ ವಿಭಾಗ ಯೋಜನೆಯಲ್ಲಿದೆ? ರಾತ್ರಿ ಬಂದರೆ ಯಾರನ್ನು ನೋಡಬೇಕು? ರೆಫರಲ್ ಚೀಟಿ ಯಾವ ಆಸ್ಪತ್ರೆಯಿಂದ ತರಬೇಕು? ಆಸ್ಪತ್ರೆಗಳು ಯೋಜನೆಗೆ ಸೇರುವುದು ವಿಭಾಗವಾರು. ನಮ್ಮ ದೊಡ್ಡಮ್ಮನಿಗೆ ಆ ರಾತ್ರಿ ಆದ ತೊಂದರೆಯೂ ಇದರಿಂದಲೇ.

ರೆಫರಲ್ ವಿಷಯ ನಮ್ಮ ರಾಜ್ಯದಲ್ಲಿ ಮುಖ್ಯ. ರೇಷನ್ ಕಾರ್ಡಿನ ಆರೋಗ್ಯ ಕರ್ನಾಟಕದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ಅವರು ಚೀಟಿ ಬರೆದುಕೊಡುತ್ತಾರೆ. ಆಗ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ನೇರವಾಗಿ ಖಾಸಗಿಗೆ ಹೋಗಿ ದಾಖಲಾಗಿ, ಆಮೇಲೆ ಚೀಟಿ ತರುತ್ತೇವೆ ಅಂದರೆ ಕೆಲಸ ಕೆಡುತ್ತದೆ. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ಎದೆನೋವು ಬಂದಾಗಂತೂ ಕಾರ್ಡ್ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ಬೆಂಗಳೂರಿಗೇ ಹೋಗಬೇಕು ಅಂತ ಮೂರು ತಾಸು ಕಾರಿನಲ್ಲಿ ಕಳೆಯುವುದಕ್ಕಿಂತ ಆ ಇಂಜೆಕ್ಷನ್ ಮೊದಲು ಬೀಳುವುದು ಮುಖ್ಯ.

ದಾಖಲಾದ ಮೇಲೆ

ಆರೋಗ್ಯಮಿತ್ರರು ಕಾಗದಪತ್ರ ಕಂಪ್ಯೂಟರಿಗೆ ಹಾಕಿ ಅಪ್ರೂವಲ್ ಕೇಳುತ್ತಾರೆ. ಅದು ಬಂದಿದೆಯಾ ಅಂತ ನೀವೇ ಹೋಗಿ ಕೇಳಿ, ಯಾರೋ ಹೇಳುತ್ತಾರೆ ಅಂತ ಕಾಯಬೇಡಿ. ಪ್ಯಾಕೇಜಿನಲ್ಲಿ ಜನರಲ್ ವಾರ್ಡ್ ಹಾಸಿಗೆ, ಔಷಧಿ, ಪರೀಕ್ಷೆ, ಆಪರೇಷನ್, ಒಳಗೆ ಹಾಕುವ ಸ್ಟೆಂಟ್ ಅಥವಾ ರಾಡ್, ಊಟ ಎಲ್ಲ ಸೇರಿರುತ್ತದೆ.

ಬಿಪಿಎಲ್ ಕಾರ್ಡಿನವರ ಹತ್ತಿರ "ಒಳ್ಳೇ ಕಂಪನಿದು ಹಾಕ್ತೀವಿ, ಮೇಲಿನ ದುಡ್ಡು ಕೊಡಿ" ಅಂತ ಕೇಳಿದರೆ, ಅಥವಾ ಹೊರಗಿನ ಅಂಗಡಿಯಿಂದ ಇಂಜೆಕ್ಷನ್ ತರಲು ಚೀಟಿ ಕೊಟ್ಟರೆ, ಮೊದಲು ಆರೋಗ್ಯಮಿತ್ರರಿಗೆ ತೋರಿಸಿ. ಜಗಳ ಬೇಡ. "ಇದು ಪ್ಯಾಕೇಜಲ್ಲಿ ಬರಲ್ಲ ಅಂತ ಬರೆದುಕೊಡಿ ಸರ್" ಅಂತ ಮೆಲ್ಲಗೆ ಕೇಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ಸಲ ಆ ಬೇಡಿಕೆ ಅಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಆಯುಷ್ಮಾನ್ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಕೊಡಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಕೊಡಬೇಡಿ. ಕನ್ನಡದಲ್ಲಿಲ್ಲದ ಕಾಗದಕ್ಕೆ ಹಿರಿಯರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರೆ, ಅದರಲ್ಲಿ ಏನಿದೆ ಅಂತ ಓದಿ ಹೇಳಿಸಿಕೊಳ್ಳಿ.

ಡಿಸ್ಚಾರ್ಜ್ ದಿನ ಎಲ್ಲರಿಗೂ ಮನೆಗೆ ಹೋಗುವ ಅವಸರ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಮನೆಗೆ ಹೋದ ಮೇಲಿನ 15 ದಿನಗಳ ಔಷಧಿ ಮತ್ತು ಮರುತಪಾಸಣೆಯ ಖರ್ಚೂ ಸೇರಿದೆ. ಕೇಳದಿದ್ದರೆ ಬರೀ ಚೀಟಿ ಕೊಟ್ಟು ಕಳಿಸುವುದುಂಟು. ದೊಡ್ಡಮ್ಮನನ್ನು ಮನೆಗೆ ಕರೆತರುವ ದಿನ ನಾನು ಕೌಂಟರಿನಲ್ಲಿ ನಿಂತು ಕೇಳಿದೆ. ಹತ್ತು ನಿಮಿಷದಲ್ಲಿ ಒಂದು ಕವರ್ ತುಂಬ ಮಾತ್ರೆ ತಂದುಕೊಟ್ಟರು. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಒಳಗೆ ಹಾಕಿದ ರಾಡಿನ ಸ್ಟಿಕ್ಕರ್ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿದೆವು. ಆ ಫೈಲಿನ ಮೊದಲ ಹಾಳೆಯಲ್ಲಿ ಈಗ ಯಾವ ಕಾರ್ಡ್, ಯಾವ ಆಸ್ಪತ್ರೆ, ಯಾವ ವಿಭಾಗ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಫೈಲ್ ಇರುವುದು ದೇವರ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ, ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಜಾಗದಲ್ಲಿ.